ಬೆಕ್ಕಿಗೆ ಮೊದಲ ಗುಟುಕು

"ಉಗುಳಿ ಅಣ್ಣಯ್ಯ, ನುಂಗಬೇಡಿ," ಎಂದೆ.

ಅಷ್ಟರಲ್ಲಿ ನುಂಗಿಯಾಗಿತ್ತು. ನಮ್ಮ ಮುಖ್ಯಪೇದೆಗೆ ಮೂವತ್ತೊಂದು ವರ್ಷದ ಸರ್ವಿಸು. ಠಾಣೆಯಲ್ಲಿ ಕಳ್ಳರಿಂದ ಹಿಡಿದು ಇನ್‌ಸ್ಪೆಕ್ಟರಾದ ನನ್ನವರೆಗೆ ಎಲ್ಲರಿಗೂ ಅವರು ಅಣ್ಣಯ್ಯ. ಕೊಲೆಯಾದ ಕೋಣೆಯಲ್ಲಿ ಬಿಳಿ ಬಟ್ಟಲಿನಿಂದ ಕಂದು ಉಂಡೆಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ಈಗ ಮುಖ ಕಿವುಚಿ ನಲ್ಲಿಯ ಕಡೆ ಓಡುತ್ತಿದ್ದರು.

"ಕಹಿ ಮೇಡಂ! ಗಂಟಲವರೆಗೂ ಕಹಿ. ಇದನ್ನ ಬೆಕ್ಕು ತಿನ್ನುತ್ತಾ?"

"ನೀವೇ ತಿಂದಿದ್ದೀರಲ್ಲ."

ಅದು ಬೆಕ್ಕಿನ ಆಹಾರ ಮಾಡುವ ಕಾರ್ಖಾನೆಯ ರುಚಿ ಕೋಣೆ. ಬಿಳಿ ಗೋಡೆ, ಆರು ಮೇಜು, ಪ್ರತಿ ಮೇಜಿಗೂ ಉಗುಳಲು ಒಂದು ತೊಟ್ಟಿ. ನಾಲ್ಕು ದಿನಗಳ ಹಿಂದೆ ಕಿಟಕಿ ಪಕ್ಕದ ಮೇಜಿನ ಮೇಲೆ ತಲೆಯಿಟ್ಟು ಇಲ್ಲಿಯ ಹಿರಿಯ ರುಚಿಗಾರರು ಸತ್ತಿದ್ದರು. ಮನೆಯಿಂದ ತಂದ ಕೋಳಿ ಸೂಪಿನಲ್ಲಿ ನಿದ್ದೆಯ ಔಷಧಿ ಇತ್ತು, ಎದ್ದೇಳದಷ್ಟು ಇತ್ತು. ಆ ಸೂಪನ್ನು ಫ್ಲಾಸ್ಕಿಗೆ ತುಂಬಿಕೊಟ್ಟ ಮಗಳು ನನ್ನ ಲಾಕಪ್ಪಿನಲ್ಲಿದ್ದಳು.

ಪೊಲೀಸ್ ವಶದ ಗಡುವು ಇವತ್ತಿಗೆ ಮುಗಿಯುತ್ತದೆ, ಸಂಜೆ ಐದಕ್ಕೆ ಅವಳನ್ನು ಮತ್ತೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ನೇರ ಜೈಲು. ಕೊಲೆ ಮೊಕದ್ದಮೆಯಲ್ಲಿ ಒಳಗೆ ಹೋದವರು ನಿರಪರಾಧಿ ಅನ್ನಿಸಿಕೊಂಡು ಹೊರಗೆ ಬರುವಷ್ಟರಲ್ಲಿ ತಲೆ ನರೆತಿರುತ್ತದೆ. ಹಿಡಿದು ತಂದದ್ದು ನಾನೇ. ತಂದ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಸಾಕ್ಷಿ ಎಲ್ಲ ಸರಿಯಾಗಿತ್ತು, ಮನಸ್ಸು ಮಾತ್ರ ಒಪ್ಪುತ್ತಿರಲಿಲ್ಲ.

ಅವಳ ಕುತ್ತಿಗೆಗೆ ಹಗ್ಗವಾದದ್ದು ಅವಳದೇ ಮಾತು. "ಅಮ್ಮ ಬೆಳಿಗ್ಗೆ ಐದಕ್ಕೆ ಪಾತ್ರೆ ಒಲೆ ಮೇಲೆ ಇಡ್ತಾರೆ. ನಾನು ಎರಡು ಚಮಚ ರುಚಿ ನೋಡಿ ಫ್ಲಾಸ್ಕಿಗೆ ತುಂಬ್ತೀನಿ. ಅವತ್ತೂ ನೋಡ್ದೆ ಮೇಡಂ. ಚೆನ್ನಾಗೇ ಇತ್ತು."

ಲ್ಯಾಬಿನವರು ಬೇರೆಯೇ ಹೇಳಿದ್ದರು. ಆ ಔಷಧಿ ಎಷ್ಟು ಕಹಿ ಎಂದರೆ, ಒಂದು ಹನಿ ತಾಗಿದರೂ ಎಂಥವನೂ ಥೂ ಎಂದು ಉಗುಳುತ್ತಾನೆ. ಹಾಗಾದರೆ ಅವಳು ರುಚಿ ನೋಡುವಾಗ ಪಾತ್ರೆಯಲ್ಲಿ ವಿಷವಿರಲಿಲ್ಲ. ಫ್ಲಾಸ್ಕು ಅಪ್ಪನ ಚೀಲ ಬಿಟ್ಟು ಎಲ್ಲೂ ಹೋಗಲಿಲ್ಲ. ನಡುವೆ ಇದ್ದದ್ದು ಅವಳ ಎರಡು ಕೈ ಮಾತ್ರ. ಆ ಚಮಚವೇ ತಾಯಿಯನ್ನು ಬಿಡಿಸಿತ್ತು, ಮಗಳನ್ನು ಕಟ್ಟಿಹಾಕಿತ್ತು.

ಅಷ್ಟು ಕಹಿಯನ್ನು ಅಪ್ಪ ಯಾಕೆ ಕುಡಿದ? ಅದಕ್ಕೂ ಸರ್ಕಾರಿ ವಕೀಲರ ಬಳಿ ಉತ್ತರವಿತ್ತು. "ಮದ್ದು ಹಾಕಿದೀನಿ, ಮೂಗು ಮುಚ್ಕೊಂಡು ಕುಡಿಯಪ್ಪ ಅಂದಿರ್ತಾಳೆ. ಮಗಳು ಅಂದ್ರೆ ಯಾವ ಅಪ್ಪ ಇಲ್ಲ ಅಂತಾನೆ?"

ಅವಳು ಇನ್ನೊಂದು ಮಾತು ಹೇಳಿದ್ದಳು. ಫ್ಲಾಸ್ಕು ತುಂಬಿಕೊಟ್ಟ ಮೇಲೆ ಅಡುಗೆಮನೆಯ ಮೇಜಿನ ಮೇಲೇ ತೂಕಡಿಸಿಬಿಟ್ಟೆ, ಅಂಚೆ ಕಚೇರಿಗೆ ಹೋಗುವ ಬಸ್ಸು ತಪ್ಪಿತು ಎಂದು. "ಅಪ್ಪ ಸಾಯೋ ಹೊತ್ತಿಗೆ ಮಗಳಿಗೆ ನಿದ್ದೆ ಬಂತಂತೆ!" ಎಂದು ವಕೀಲರು ನಕ್ಕಿದ್ದರು. ಅವರ ಜತೆ ನಾನೂ ನಕ್ಕಿದ್ದೆ ಎಂಬುದು ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಈ ಬೆಳಿಗ್ಗೆ ಲಾಕಪ್ಪಿನ ಸರಳು ಹಿಡಿದು ಅವಳು ಕೇಳಿದಳು. "ಅಮ್ಮ ಹೊರಗೆ ಕೂತಿದಾರಾ?"

"ಕೂತಿದಾರೆ. ನಾಲ್ಕು ದಿನದಿಂದ ಅದೇ ಬೆಂಚಿನ ಮೇಲೆ. ನಿನಗೆ ಊಟ ಮಾಡಿ ತರೋಕೆ ಮಾತ್ರ ಎದ್ದು ಹೋಗ್ತಾರೆ."

"ಹಾಗಾದ್ರೆ ಈಗ ಬೇಡ. ಒಂದು ವಿಷಯ ಇದೆ. ಸಾಯಂಕಾಲ ಜಡ್ಜ್ ಮುಂದೆ ಹೇಳ್ತೀನಿ."

ಹೊರಗೆ ಬಂದು ತಾಯಿಗೆ ಸಮಾಧಾನ ಹೇಳಿದೆ. "ಧೈರ್ಯವಾಗಿರಿ ಅಮ್ಮ. ನಿಮ್ಮ ಮಗಳು ಸಂಜೆ ಏನೋ ಹೇಳಬೇಕು ಅಂತಿದಾಳೆ, ಒಳ್ಳೇದೇ ಆಗಬಹುದು." ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದುಕೊಂಡಿದ್ದಳು.

"ಮೇಡಂ, ಇದು ನೋಡಿ," ಎಂದರು ಅಣ್ಣಯ್ಯ, ಬಾಯಿ ತೊಳೆದು ಬಂದು. "ನನ್ನ ಬಾಯಿ ಕೆಡಿಸಿದ್ದು ಮೂವತ್ತೊಂದನೇ ಬ್ಯಾಚು. ಅವತ್ತು ಇವರೆಲ್ಲ ಏನು ಬರ್ದಿದಾರೆ?"

ಆ ಕಾರ್ಖಾನೆಯಲ್ಲಿ ಎರಡು ಪುಸ್ತಕ. ಒಂದು ಬೆಕ್ಕಿನ ಪುಸ್ತಕ, ಇನ್ನೊಂದು ಮನುಷ್ಯರ ಪುಸ್ತಕ. ಬೆಳಿಗ್ಗೆ ಏಳಕ್ಕೆ ಬೆಕ್ಕುಮನೆಯಲ್ಲಿ ಹದಿನಾರು ಬೆಕ್ಕುಗಳಿಗೆ ಹೊಸ ಬ್ಯಾಚನ್ನು ಹಾಕಿ, ಉಳಿದದ್ದನ್ನು ತೂಗಿ ಬರೆಯುತ್ತಾರೆ. ಎಂಟಕ್ಕೆ ಈ ಕೋಣೆಯಲ್ಲಿ ಆರು ಜನ ಅದನ್ನೇ ಅಗಿದು, ಉಗುಳಿ, ರುಚಿ ಬರೆಯುತ್ತಾರೆ. ಮಧ್ಯಾಹ್ನದವರೆಗೆ ಎರಡು ಪುಸ್ತಕಗಳು ಒಂದರ ಮುಖ ಒಂದು ನೋಡಬಾರದು. ಅದು ಅಲ್ಲಿಯ ಕಟ್ಟುನಿಟ್ಟು.

ಎರಡನ್ನೂ ಒಂದೇ ಮೇಜಿನ ಮೇಲೆ ಹರವಿದೆ.

ಮೂವತ್ತೊಂದನೇ ಬ್ಯಾಚು. ಐದು ಜನ ಬರೆದಿದ್ದರು: ಕಹಿ. ಹಿರಿಯ ರುಚಿಗಾರರೊಬ್ಬರೇ ಬರೆದಿದ್ದರು: ಚೆನ್ನಾಗಿದೆ. ಬೆಕ್ಕಿನ ಪುಸ್ತಕ ನೋಡಿದೆ. ಬಟ್ಟಲು ಖಾಲಿ.

ನಲವತ್ತನೇ ಬ್ಯಾಚು. ಐದು ಜನರಿಗೆ ಯಾವ ದೋಷವೂ ಕಾಣಲಿಲ್ಲ. ಇವರೊಬ್ಬರೇ ಬರೆದರು: ಕಹಿ, ಬೇಡ. ಬೆಕ್ಕುಗಳು ಅವತ್ತು ಮೂಸಿ ತಿರುಗಿ ಹೋಗಿದ್ದವು.

"ಅದಕ್ಕೇ ಅಲ್ವಾ ಇಲ್ಲಿ ಎಲ್ಲರೂ ಅವರನ್ನ ನಾಲಿಗೆ ಸಾಹೇಬರು ಅನ್ನೋದು," ಎಂದರು ಅಣ್ಣಯ್ಯ. "ಮನುಷ್ಯರ ಬಾಯಲ್ಲಿ ಬೆಕ್ಕಿನ ನಾಲಿಗೆ ಅಂತ ಮ್ಯಾನೇಜರು ಹೊಗಳಿದ್ದೇ ಹೊಗಳಿದ್ದು."

ಪುಟ ತಿರುಗಿಸುತ್ತಾ ಹೋದೆ. ಎರಡು ವರ್ಷ. ಒಂದು ದಿನವೂ ಅವರು ಬೆಕ್ಕುಗಳಿಂದ ಬೇರೆಯಾಗಿರಲಿಲ್ಲ. ಒಂದೇ ಮನೆಯ ಗಂಡ ಹೆಂಡತಿ ಸಾರಿನ ಉಪ್ಪಿನ ವಿಷಯದಲ್ಲಿ ವಾರಕ್ಕೆ ಮೂರು ಸಲ ಜಗಳ ಆಡುತ್ತಾರೆ. ಹದಿನಾರು ಬೆಕ್ಕುಗಳಲ್ಲೇ ನಾಲ್ಕು ಒಂದು ದಾರಿ, ಹನ್ನೆರಡು ಇನ್ನೊಂದು ದಾರಿ. ಈ ಮನುಷ್ಯ ಮಾತ್ರ ತಪ್ಪದೆ ಹನ್ನೆರಡರ ಕಡೆಗೇ ಇದ್ದರು. ನನಗೆ ಅಷ್ಟು ಒಳ್ಳೆಯದರ ಮೇಲೆ ಯಾವತ್ತೂ ನಂಬಿಕೆಯಿಲ್ಲ.

"ಅಣ್ಣಯ್ಯ, ಇವರ ಸಾಲು ಖಾಲಿ ಇರೋ ದಿನಗಳನ್ನ ಬರ್ಕೊಳ್ಳಿ."

ಹನ್ನೊಂದು ದಿನ ಸಿಕ್ಕಿದವು. ಪ್ರತಿ ಸಲವೂ ಅದೇ ಕಾರಣ: ಶೀತ, ರುಚಿ ತಿಳಿಯುತ್ತಿಲ್ಲ. ಹಾಜರಿ ಪುಸ್ತಕ ತರಿಸಿದೆ. ಆ ಹನ್ನೊಂದು ದಿನವೂ ಬೆಕ್ಕುಮನೆಯ ಹೆಂಗಸು ರಜೆಯಲ್ಲಿದ್ದಳು.

"ಬೆಕ್ಕಮ್ಮ ರಜ ಹಾಕಿದ ದಿನವೇ ಸಾಹೇಬರಿಗೆ ಶೀತ," ಎಂದರು ಅಣ್ಣಯ್ಯ, ನಿಧಾನವಾಗಿ. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಿತ್ತು ಅನ್ನಿ."

ಬೆಕ್ಕಮ್ಮ ನಮಗೆ ಹೊಸಬಳಲ್ಲ. ಮೊದಲ ದಿನವೇ ಅವಳ ಹೇಳಿಕೆ ತೆಗೆದುಕೊಂಡಿದ್ದೆ. ನಾಲಿಗೆ ಸಾಹೇಬರಿಗೆ ಒಂದು ಅಭ್ಯಾಸವಿತ್ತು. ಬಂದ ಕೂಡಲೇ ಬೆಕ್ಕುಮನೆಗೆ ಹೋಗಿ, ಫ್ಲಾಸ್ಕಿನ ಮೊದಲ ಮುಚ್ಚಳ ಸೂಪನ್ನು ಹದಿನಾಲ್ಕನೇ ನಂಬರಿನ ಮುದಿ ಬೆಕ್ಕಿಗೆ ಹಾಕಿ, ಆಮೇಲೆ ತಾವು ಕುಡಿಯುವುದು. "ಅವತ್ತು ಹದಿನಾಲ್ಕು ಮೂಸಿ ನೋಡಿ ಹೊರಟುಹೋಯ್ತು ಅಮ್ಮ, ಮುಟ್ಟಲಿಲ್ಲ," ಎಂದಿದ್ದಳು.

ಆ ಮಾತಿನಿಂದ ನಾನೊಂದು ಪಾಠ ಕಲಿತಿದ್ದೆ. ಲಾಕಪ್ಪಿನಲ್ಲಿದ್ದ ಮಗಳಿಗೆ ತಾಯಿ ದಿನಾ ಮಧ್ಯಾಹ್ನ ಊಟ ತರುತ್ತಿದ್ದಳು. ಹುಡುಗಿ ಜೀವ ಕಳೆದುಕೊಂಡಾಳು, ಅಥವಾ ಯಾರಾದರೂ ತೆಗೆದಾರು ಎಂಬ ಭಯಕ್ಕೆ ಠಾಣೆಯ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ: ಮನೆ ಊಟದ ಮೊದಲ ತುತ್ತು ಠಾಣೆಯ ಬೆಕ್ಕಿಗೆ. ಅದು ತಿಂದರೆ ಒಳಗೆ ಕೊಡಿ. ಬುದ್ಧಿವಂತೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಬೆಕ್ಕುಮನೆ ಅಂಗಳದ ಆಚೆ ಇತ್ತು. ಉದ್ದನೆಯ ಕೋಣೆ, ಎರಡು ಸಾಲು ಪಂಜರ, ನಡುವೆ ಒಗೆದಷ್ಟು ಸ್ವಚ್ಛವಾದ ನೆಲ. ಹದಿನಾರು ಜೊತೆ ಕಣ್ಣು ನನ್ನನ್ನು ನೋಡಿದವು. ನಾನು ಯಾರ ಮನೆಗೆ ಹೋದರೂ ಹೀಗೇ ನೋಡುತ್ತಾರೆ, ಅಭ್ಯಾಸವಿದೆ.

ಬೆಕ್ಕಮ್ಮ ಐವತ್ತು ದಾಟಿದ ಸಣಕಲು ಹೆಂಗಸು. ಬಟ್ಟಲುಗಳನ್ನು ಮುಟ್ಟಿ ಮುಟ್ಟಿ ಜೋಡಿಸುತ್ತಿದ್ದಳು.

ನಾನು ಅವಳ ಪುಸ್ತಕ ತೆರೆದು ಪಕ್ಕದಲ್ಲಿಟ್ಟೆ. "ಐದು ದಿನದ ಹಿಂದಿನ ಅಂಕಿ ನೋಡಿ. ನಲವತ್ತೇಳು ಗ್ರಾಂ. ಹದಿಮೂರು ಗ್ರಾಂ. ಅರವತ್ತೆರಡು. ಇನ್ನು ಸಾಹೇಬರು ತೀರಿಕೊಂಡ ಮೇಲಿನದು ನೋಡಿ. ಐವತ್ತು, ಐವತ್ತು, ನಲವತ್ತು, ಐವತ್ತು. ನಿಮ್ಮ ಬೆಕ್ಕುಗಳು ಇದ್ದಕ್ಕಿದ್ದ ಹಾಗೆ ಲೆಕ್ಕ ಕಲಿತವಾ?"

ಅವಳ ಬೆರಳು ಮುಂದಿನ ಬಟ್ಟಲಿನ ಅಂಚನ್ನು ತಡಕಿತು.

ತೂಕದ ಯಂತ್ರದ ಮೇಲೆ ಒಂದು ಬಟ್ಟಲು ಇಟ್ಟೆ. "ಎಷ್ಟಿದೆ ಓದಿ."

ಬಗ್ಗಿದಳು. ಮೂಗು ತಾಗುವಷ್ಟು ಬಗ್ಗಿದಳು. "ಐವತ್ತು," ಎಂದಳು.

ನೂರಾ ಎಂಟಿತ್ತು.

"ಬೆಕ್ಕಮ್ಮ, ಒಂದು ಹುಡುಗಿ ಸಂಜೆ ಜೈಲಿಗೆ ಹೋಗ್ತಾಳೆ. ನಿಮ್ಮ ಮಗಳ ವಯಸ್ಸು. ನೀವು ಬಚ್ಚಿಟ್ಟಿರೋದು ನನಗೆ ಅರ್ಧ ಗೊತ್ತಾಗಿದೆ. ಉಳಿದರ್ಧ ನೀವೇ ಹೇಳಿದ್ರೆ ನಿಮ್ಮ ಪರವಾಗಿ ನಾನು ಬರೀತೀನಿ. ನಾನಾಗಿ ಹುಡುಕಿದ್ರೆ ಬರೆಯಲ್ಲ."

"ನನ್ನ ಕೆಲ್ಸ ಹೋಗುತ್ತೆ ಅಮ್ಮ."

"ಅವಳ ಜೀವನ ಹೋಗುತ್ತೆ."

ಅವಳು ಕುಳಿತುಬಿಟ್ಟಳು, ನೆಲದ ಮೇಲೆಯೇ. ಹದಿನಾಲ್ಕನೇ ನಂಬರಿನ ಬೆಕ್ಕು ಪಂಜರದೊಳಗಿಂದ ಕಾಲು ಚಾಚಿ ಅವಳ ಸೆರಗು ಎಳೆಯಿತು.

"ಕಣ್ಣಿನ ಒಳಗಿನ ನರ ಒಣಗ್ತಿದೆ ಅಂದ್ರು ಡಾಕ್ಟ್ರು. ಎರಡು ವರ್ಷ ಆಯ್ತು. ಅಂಕಿ ಕಾಣಲ್ಲ. ಸಾಹೇಬರಿಗೆ ಗೊತ್ತಾಯ್ತು. ಬೈಯಲಿಲ್ಲ. ದಿನಾ ಏಳೂವರೆಗೆ ಬಂದು ಅವರೇ ತೂಕ ಓದಿ ಹೇಳೋರು, ನಾನು ಬರೆಯೋಳು. ನನಗೆ ಅವರ ಕಣ್ಣು."

"ಅವರಿಗೆ ನಿಮ್ಮ ಬೆಕ್ಕುಗಳ ನಾಲಿಗೆ."

ಬೆಕ್ಕಮ್ಮ ತಲೆಯೆತ್ತಿದಳು. "ಅವರಿಗೆ ಕಹಿ ಗೊತ್ತಾಗ್ತಿರಲಿಲ್ಲ ಅಮ್ಮ. ಎಲ್ಲ ಕಹಿ ಅಲ್ಲ. ಸಕ್ಕರೆ ಇಲ್ಲದ ಕಾಫಿ ಕಹಿ ಅನ್ನೋರು. ಆದ್ರೆ ಒಂದು ಜಾತಿ ಕಹಿ ಇದೆಯಲ್ಲ, ಪುಡಿಗಳಲ್ಲಿ ಬರೋದು, ಅದು ಅವರ ಬಾಯಿಗೆ ನೀರು. ಒಂದ್ಸಲ ಎಲ್ಲರೂ ಉಗುಳಿದ್ದನ್ನ ಇವರು ಚೆನ್ನಾಗಿದೆ ಅಂದುಬಿಟ್ರಂತೆ. ಅದೃಷ್ಟಕ್ಕೆ ಬೆಕ್ಕುಗಳೂ ತಿಂದ್ವು. ಅವತ್ತಿಂದ ಶುರುವಾಯ್ತು, ಬೆಕ್ಕಿನ ನಾಲಿಗೆ, ಬೆಕ್ಕಿನ ನಾಲಿಗೆ ಅಂತ. ಹೊಗಳಿಕೆ ಹತ್ತೋದು ಸುಲಭ, ಇಳಿಯೋದು ಕಷ್ಟ."

ಅಣ್ಣಯ್ಯ ನನ್ನ ಮುಖ ನೋಡಿದರು. ಅಪ್ಪ ಮೂಗು ಮುಚ್ಚಿಕೊಂಡು ಕುಡಿದನೆಂಬ ಸರ್ಕಾರಿ ವಕೀಲರ ಕಥೆ ಅಲ್ಲಿಗೆ ಮುಗಿದುಹೋಯಿತು. ನಾಲಿಗೆ ಸಾಹೇಬರಿಗೆ ಯಾರೂ ಏನನ್ನೂ ನಂಬಿಸಬೇಕಾಗಿರಲಿಲ್ಲ. ಅವರು ಸುಮ್ಮನೆ ಸೂಪು ಎಂದುಕೊಂಡೇ ಕುಡಿದಿದ್ದರು.

"ಹಾಗಾದರೆ ಹದಿನಾಲ್ಕು?" ಎಂದೆ. "ಅದು ಮುಟ್ಟಲಿಲ್ಲ ಅಂದ್ರಲ್ಲ. ಬೆಕ್ಕು ಮುಟ್ಟದ್ದನ್ನ ಅವರು ಯಾಕೆ ಕುಡಿದ್ರು? ಅವರ ನಂಬಿಕೆಯೆಲ್ಲ ಬೆಕ್ಕಿನ ಮೇಲೇ ತಾನೇ?"

ಅವಳು ಹದಿನಾಲ್ಕರ ಉಗುರಿನಿಂದ ಸೆರಗು ಬಿಡಿಸಿಕೊಂಡಳು.

"ಸುಳ್ಳು ಹೇಳ್ದೆ ಅಮ್ಮ. ಹದಿನಾಲ್ಕು ಕುಡೀತು. ಮುಚ್ಚಳ ನೆಕ್ಕಿ ನೆಕ್ಕಿ ಬೆಳಗಿಟ್ಟ ಹಾಗೆ ಮಾಡ್ತು. ಅದನ್ನ ನೋಡಿದ ಮೇಲೇ ಅವರು ಕುಡಿದದ್ದು. ಅವರು ಹೋದ ಸ್ವಲ್ಪ ಹೊತ್ತಿಗೆ ಇದು ಮಲಗಿಬಿಡ್ತು, ಮಾರನೇ ದಿನ ಸಾಯಂಕಾಲದವರೆಗೆ ಏಳಲಿಲ್ಲ. ಪುಸ್ತಕದಲ್ಲಿ ಬರೆದ್ರೆ ವಿಚಾರಣೆ ಬರುತ್ತೆ, ನನ್ನ ಕಣ್ಣಿನ ವಿಷಯ ಬಯಲಾಗುತ್ತೆ ಅಂತ ಹೆದರಿಕೆ. ಮುಟ್ಟಲಿಲ್ಲ ಅಂದ್ರೆ ಯಾರೂ ಬೆಕ್ಕಿನ ತಂಟೆಗೆ ಬರಲ್ಲ ಅಂದ್ಕೊಂಡೆ."

ಎಲುಬಿಲ್ಲದ ನಾಲಿಗೆ ಎನ್ನುತ್ತಾರೆ. ಅವಳ ಮೇಲೆ ಸಿಟ್ಟು ಬರಬೇಕಾಗಿತ್ತು, ಬಂತು ಕೂಡ. ಆದರೆ ಸಿಟ್ಟಿನ ಕೆಳಗೆ ಇನ್ನೇನೋ ತಣ್ಣಗೆ ಹರಿಯುತ್ತಿತ್ತು, ಅದಕ್ಕೆ ನನಗೆ ಆ ಕ್ಷಣ ಹೆಸರು ಸಿಗಲಿಲ್ಲ.

"ಅಷ್ಟು ಕಹಿಯನ್ನ ಬೆಕ್ಕು ಹೇಗೆ ನೆಕ್ತು?" ಎಂದೆ.

"ಅದನ್ನ ನನ್ನ ಕೇಳಿ," ಎಂದಿತು ಬಾಗಿಲ ಬಳಿ ಒಂದು ಧ್ವನಿ.

ಬೆಕ್ಕಿನ ಡಾಕ್ಟರು. ಕೊಲೆಯ ಹಿಂದಿನ ದಿನವೇ ಪರವೂರಿಗೆ ಹೋದವರು ಇವತ್ತು ಬೆಳಿಗ್ಗೆಯಷ್ಟೇ ವಾಪಸು ಬಂದಿದ್ದರು. ಕೈಯಲ್ಲಿ ಪೆಟ್ಟಿಗೆ ಇನ್ನೂ ಇತ್ತು. ಲ್ಯಾಬಿನ ವರದಿಯಲ್ಲಿದ್ದ ಔಷಧಿಯ ಹೆಸರು ತೋರಿಸಿದೆ. ಅವರ ಮುಖದ ರಕ್ತ ಇಳಿಯಿತು.

"ಇದು ನಮ್ಮ ಬೀರುವಿನಲ್ಲಿದೆ."

ಊರಿನ ಔಷಧಿ ಅಂಗಡಿಗಳನ್ನೆಲ್ಲ ನಾಲ್ಕು ದಿನ ಜಾಲಾಡಿದ್ದೆವು. ಈಗ ಯಾರೂ ಮಾರುವುದಿಲ್ಲ, ಹಳೇ ಕಾಲದ್ದು ಎಂಬ ಉತ್ತರವೇ ಎಲ್ಲ ಕಡೆ. ಬೆಕ್ಕಿನ ಔಷಧಿಯ ಬೀರು ನನ್ನ ತಲೆಗೆ ಹೊಳೆದಿರಲಿಲ್ಲ.

"ಹಲ್ಲು ನೋಡುವಾಗ, ಉಗುರು ಕತ್ತರಿಸುವಾಗ ಇವುಗಳನ್ನ ಮಲಗಿಸಬೇಕಲ್ಲ," ಎಂದರು ಡಾಕ್ಟರು. "ಹಳೇ ಔಷಧಿನೇ ಯಾಕೆ ಅಂದ್ರೆ, ಸೂಪಲ್ಲಿ ಕಲಸಿ ಇಟ್ರೆ ಗಲಾಟೆ ಇಲ್ಲದೆ ಕುಡೀತವೆ. ಮನುಷ್ಯರ ನಾಲಿಗೆ ಮೇಲೆ ಕಹಿ ಹಿಡಿಯೋ ಬಾಗಿಲು ಇಪ್ಪತ್ತೈದು ಇವೆ ಅಂದ್ಕೊಳ್ಳಿ. ಬೆಕ್ಕಿಗೆ ಅದರ ಅರ್ಧವೂ ಇಲ್ಲ. ಈ ಔಷಧಿ ಬಡಿಯೋ ಬಾಗಿಲು ಅದಕ್ಕಿಲ್ಲ. ಹಾಗಂತ ದಡ್ಡ ನಾಲಿಗೆ ಅಲ್ಲ. ಇರೋ ಬಾಗಿಲಲ್ಲಿ ಒಂದೆರಡು ನಮಗಿಂತ ಚುರುಕು. ನಮಗೆ ಏನೂ ಅನ್ನಿಸದ್ದನ್ನ ಮೂಸಿ ಬಿಟ್ಟುಬಿಡುತ್ತೆ, ನಾವು ಉಗುಳೋದನ್ನ ನೆಕ್ಕಿ ಮುಗಿಸುತ್ತೆ."

"ಮನುಷ್ಯರಲ್ಲೂ ಆ ಬಾಗಿಲು ಇಲ್ಲದವರು ಇರ್ತಾರಾ?"

"ಬೇಕಾದಷ್ಟು ಜನ. ಅದಕ್ಕೇ ರುಚಿಗಾರರ ಕೆಲಸಕ್ಕೆ ಬಂದೋರಿಗೆಲ್ಲ ಈ ಕಹಿ ಹಚ್ಚಿದ ಕಾಗದ ಕೊಡೋದು."

ಪೆಟ್ಟಿಗೆಯಿಂದ ಉಗುರಿನಷ್ಟು ಅಗಲದ ಬಿಳಿ ಕಾಗದ ತೆಗೆದು ನನಗೆ ಕೊಟ್ಟರು. ನಾಲಿಗೆಗೆ ತಾಗಿಸಿದೆನೋ ಇಲ್ಲವೋ, ಕಣ್ಣಲ್ಲಿ ನೀರು ಬಂತು. ಅಣ್ಣಯ್ಯ ತಮಗೆ ಬೇಡವೆಂದು ಎರಡೂ ಕೈ ಮುಗಿದರು.

"ಆ ಔಷಧಿದೂ ಇದೇ ಜಾತಿ ಕಹಿ," ಎಂದರು ಡಾಕ್ಟರು.

"ನಾಲಿಗೆ ಸಾಹೇಬರಿಗೆ ಈ ಪರೀಕ್ಷೆ ಮಾಡಲಿಲ್ವಾ?"

"ಅವರು ಸೇರಿದಾಗ ಈ ಕಾಗದ ಇರಲಿಲ್ಲ. ಆಮೇಲೆ ಅವರೇ ಕಂಪನಿಯ ಹೆಸರು. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಮೇಡಂ?" ಅವರು ಹಣೆ ಉಜ್ಜಿಕೊಂಡರು. "ಅಯ್ಯೋ. ಅವರ ಮಗಳು."

"ಮಗಳಿಗೇನು?"

"ಆರು ವರ್ಷದ ಹಿಂದೆ ಅವಳೂ ಈ ಕೆಲಸಕ್ಕೆ ಬಂದಿದ್ಲು. ಅಪ್ಪನೇ ಕರ್ಕೊಂಡು ಬಂದಿದ್ರು. ಕಾಗದ ಕೊಟ್ಟೆ. ಪಾಪ, ಪೂರ್ತಿ ಅಗಿದು, 'ಸಾರ್, ಖಾಲಿ ಕಾಗದ ಕೊಟ್ಟುಬಿಟ್ರಿ ಅನ್ಸುತ್ತೆ, ಇನ್ನೊಂದು ಕೊಡಿ' ಅಂದ್ಲು. ಎಲ್ಲರೂ ನಕ್ಕರು. ಅಪ್ಪ ಮಾತ್ರ ನಗಲಿಲ್ಲ, ಬಾಗಿಲ ಹತ್ರ ಸುಣ್ಣದ ಹಾಗೆ ಬೆಳ್ಳಗೆ ನಿಂತಿದ್ರು. ಮಗಳಿಗೆ ಕೆಲಸ ತಪ್ಪಿತು ಅಂತ ಬೇಜಾರು ಅಂದ್ಕೊಂಡಿದ್ದೆ. ಇದು ರಕ್ತದಲ್ಲಿ ಬರೋದು ಮೇಡಂ."

ಹದಿನಾಲ್ಕು ತನ್ನ ಪಂಜರದಲ್ಲಿ ಪಂಜ ನೆಕ್ಕಿಕೊಳ್ಳುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ.

ಎರಡು ಚಮಚ. ಅವತ್ತೂ ನೋಡ್ದೆ ಮೇಡಂ, ಚೆನ್ನಾಗೇ ಇತ್ತು. ಅವಳು ನಿಜವನ್ನೇ ಹೇಳಿದ್ದಳು. ಎರಡು ಚಮಚ ವಿಷ ಕುಡಿದು, ಕಹಿ ತಿಳಿಯದೆ, ಅಪ್ಪನಿಗೆ ಫ್ಲಾಸ್ಕು ತುಂಬಿಕೊಟ್ಟು, ಅಡುಗೆಮನೆಯ ಮೇಜಿನ ಮೇಲೆ ತೂಕಡಿಸಿದ್ದಳು. ಬಸ್ಸು ತಪ್ಪಿದ್ದು ಸುಳ್ಳಲ್ಲ. ಅವಳು ನಿರಪರಾಧಿ ಎಂಬುದಕ್ಕೆ ಅದೇ ಸಾಕ್ಷಿ, ನಾವು ಅದನ್ನು ಕೇಳಿ ನಕ್ಕಿದ್ದೆವು.

"ಹಾಗಾದ್ರೆ ಅವಳು ಚಮಚ ಅದ್ದೋ ಮುಂಚೆನೇ ಪಾತ್ರೆಯಲ್ಲಿತ್ತು," ಎಂದರು ಅಣ್ಣಯ್ಯ, ಪಿಸುಗುಟ್ಟಿದಂತೆ. "ಆ ಪಾತ್ರೆ ನಾವು ಹೋಗೋಷ್ಟರಲ್ಲಿ ತೊಳೆದಿಟ್ಟಿತ್ತು."

ನಾನು ಬೆಕ್ಕಮ್ಮನ ಕಡೆ ತಿರುಗಿದೆ. "ಈ ಔಷಧಿ ಸೂಪಲ್ಲಿ ಕಲಸೋದು ಯಾರು?"

"ನಾನೇ ಅಮ್ಮ. ಡಾಕ್ಟ್ರು ಅಳತೆ ಹೇಳ್ತಾರೆ."

"ನಿಮಗಿಂತ ಮುಂಚೆ?"

ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ಇಡೀ ಕಾರ್ಖಾನೆಗೆ ಗೊತ್ತಿರುವುದನ್ನು ಪೊಲೀಸರು ಯಾಕೆ ಕೇಳುತ್ತಾರೆ ಎಂಬಂತೆ ನೋಡಿದಳು.

"ಅವರ ಮನೆಯವರೇ. ನಾಲಿಗೆ ಸಾಹೇಬರ ಹೆಂಡ್ತಿ. ಹನ್ನೆರಡು ವರ್ಷ ಈ ಬೆಕ್ಕುಮನೆ ನೋಡ್ಕೊಂಡಿದ್ರು. ಕಲಸೋದು ನನಗೆ ಕಲಿಸಿದ್ದೇ ಅವರು."

"ಯಾಕೆ ಬಿಟ್ಟರು?"

"ಬಿಡಲಿಲ್ಲ, ಬಿಡಿಸಿದ್ರು. ನಾಲ್ಕು ವರ್ಷ ಆಯ್ತು. ಬೆಕ್ಕಿನ ಪುಸ್ತಕ ತಿದ್ದಿದಾರೆ ಅಂತ. ತಿದ್ದಿದ್ದು ಅವರಲ್ಲ ಅಮ್ಮ." ಬೆಕ್ಕಮ್ಮ ದನಿ ಇಳಿಸಿದಳು. "ಒಂದು ದಿನ ಸಾಹೇಬರು ತಪ್ಪು ರುಚಿ ಬರೆದುಬಿಟ್ರು. ತಮ್ಮ ಮಾತು ಉಳಿಸ್ಕೊಳ್ಳೋಕೆ ಹೆಂಡ್ತಿ ಬರೀತಿದ್ದ ಪುಸ್ತಕದಲ್ಲಿ ತಾವೇ ಅಂಕಿ ತಿದ್ದಿದ್ರು. ಸಿಕ್ಕಿಬಿದ್ದೋಳು ಆಯಮ್ಮ. ಇಡೀ ಕಾರ್ಖಾನೆ ಮುಂದೆ ಕಳ್ಳಿ ಅನ್ನಿಸ್ಕೊಂಡು ಗೇಟು ದಾಟಿದ್ಲು. ಇವರು ಅಲ್ಲೇ ನಿಂತಿದ್ರು, ತುಟಿ ಪಿಟಕ್ ಅನ್ನಲಿಲ್ಲ. ಆ ವರ್ಷ ಬೀರುವಿನಲ್ಲಿ ಒಂದು ಬಾಟ್ಲಿ ಕಡಿಮೆ ಬಂತು. ನಾನು ಹೊಸಬಳು, ಎಲ್ಲೋ ಒಡೆದುಹೋಗಿರಬೇಕು ಅಂತ ಬರೆಸಿಬಿಟ್ಟೆ."

ಗಂಡನ ನಾಲಿಗೆಗೆ ಯಾವ ಕಹಿ ತಿಳಿಯದೆಂದು ಆಕೆಗೆ ಗೊತ್ತು. ಬೆಕ್ಕಿಗೆ ಯಾವ ಕಹಿ ತಿಳಿಯದೆಂದೂ ಗೊತ್ತು. ಆರು ವರ್ಷದ ಹಿಂದೆ ಖಾಲಿ ಕಾಗದ ಅಗಿದು ಅಳುತ್ತಾ ಮನೆಗೆ ಬಂದ ಮಗಳ ನಾಲಿಗೆಯೂ ಗೊತ್ತು. ಅಪ್ಪ, ಮಗಳು, ಬೆಕ್ಕು. ಮೂರು ನಾಲಿಗೆಗೂ ಹನ್ನೆರಡು ವರ್ಷ ಬಡಿಸಿದ ಕೈ ಅದೊಂದೇ.

ಅಮ್ಮ ಹೊರಗೆ ಕೂತಿದಾರಾ? ಹಾಗಾದ್ರೆ ಈಗ ಬೇಡ.

ಮಗಳಿಗೆ ಅರ್ಥವಾಗಿತ್ತು. ಅವಳು ಸಂಜೆ ಬಾಯಿ ಬಿಡುತ್ತಾಳೆಂದು ಆ ತಾಯಿಗೆ ಹೇಳಿದ್ದು ಯಾರು? ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದವಳಿಗೆ, ಸಮಾಧಾನಕ್ಕೆಂದು, ಹೇಳಿದ್ದು ನಾನೇ.

ಗೋಡೆಯ ಗಡಿಯಾರ ನೋಡಿದೆ. ಹನ್ನೆರಡೂ ಮುಕ್ಕಾಲು. ಊಟದ ಡಬ್ಬಿ ಬರುವುದು ಹನ್ನೆರಡಕ್ಕೆ.

ಠಾಣೆಗೆ ಫೋನು ಮಾಡಿದೆ. ಮಹಿಳಾ ಪೇದೆ ಎತ್ತಿದಳು.

"ಮೇಡಂ?"

"ಆ ಹುಡುಗಿಗೆ ಊಟ ಬಂತಾ?"

"ಬಂತು ಮೇಡಂ. ಇವತ್ತು ಸೂಪು ತಂದಿದ್ರು ಅವರಮ್ಮ."

"ಕೊಡಬೇಡಿ. ಕೊಟ್ಟಿದ್ರೆ ಕಿತ್ಕೊಳ್ಳಿ."

"ಹೆದರಬೇಡಿ ಮೇಡಂ, ನೀವು ಬರೆದಿಟ್ಟ ಹಾಗೇ ಮಾಡಿದ್ದು," ಎಂದಳು ಪೇದೆ. ಧ್ವನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಮೊದಲು ನಮ್ಮ ಬೆಕ್ಕಿಗೆ ಹಾಕಿದ್ವಿ. ಒಂದು ಹನಿ ಬಿಡಲಿಲ್ಲ, ನೆಕ್ಕಿ ಬಟ್ಟಲು ಫಳಫಳ ಮಾಡ್ತು. ಅವಳೂ ಸರಳಿನ ಆಚೆಯಿಂದ ಅದನ್ನೇ ನೋಡ್ತಿದ್ಲು. ಆಮೇಲೇ ಒಳಗೆ ಕೊಟ್ಟದ್ದು."

"ಬೆಕ್ಕು ಎಲ್ಲಿದೆ ಈಗ?"

ಕುರ್ಚಿ ಸರಿದ ಸದ್ದು. "ಮೇಜಿನ ಕೆಳಗೆ ಮಲಗಿದೆ ಮೇಡಂ."

"ಹುಡುಗಿ?"

"ಅವಳೂ ಮಲಗಿದಾಳೆ. ಪಾಪ, ನಾಲ್ಕು ದಿನದ ಮೇಲೆ ಈಗ ಕಣ್ಣು ಹತ್ತಿದೆ. ಎಬ್ಬಿಸಬೇಡಿ, ಚೆನ್ನಾಗಿ ನಿದ್ದೆ ಮಾಡ್ಲಿ ಅಂತ ಅವರಮ್ಮ ಹೇಳಿ ಹೋದ್ರು."